ಮಬ್ಬು ಬೆಳಕಿನ ಹಕ್ಕಿ: ನಾಯ್ಸ್ ತೊಳೆದ ಚಿತ್ರವನ್ನು ನಂಬಬಹುದೇ?

ಗದಗ ಜಿಲ್ಲೆ ಶಿರಹಟ್ಟಿ ತಾಲ್ಲೂಕಿನ ಮಾಗಡಿ ಕೆರೆಗೆ ಚಳಿಗಾಲದಲ್ಲಿ ಪಟ್ಟೆತಲೆ ಹೆಬ್ಬಾತುಗಳು ಹಿಂಡುಗಟ್ಟಿ ಬಂದಿಳಿಯುತ್ತವೆ. 2024ರಲ್ಲಿ ರಾಮ್ಸಾರ್ ಪಟ್ಟಿಗೆ ಸೇರಿದ ಕೆರೆ ಇದು. ಹೆಬ್ಬಾತುಗಳು ಹೊತ್ತು ಮೂಡುವ ಮೊದಲೇ ರೆಕ್ಕೆ ಬಿಚ್ಚಿದರೆ ಫೋಟೋ ತೆಗೆಯುವವರ ಪಾಡು ಕಷ್ಟ. ಕೈಯಲ್ಲಿರುವುದು ಎಫ್ 6.3ರ ಜೂಮ್ ಲೆನ್ಸ್, ರೆಕ್ಕೆ ಹಿಡಿದು ನಿಲ್ಲಿಸಲು ಬೇಕಾದದ್ದು 1/1600 ಸೆಕೆಂಡಿನ ಶಟರ್. ಐಎಸ್‌ಒ ಏರುತ್ತ ಏರುತ್ತ 12800ಕ್ಕೆ ಹೋಗಿ ನಿಲ್ಲುತ್ತದೆ. ಸಿಕ್ಕ ಚಿತ್ರದ ತುಂಬ ರವೆ ಚೆಲ್ಲಿದಂತೆ ನಾಯ್ಸ್. ಮನೆಗೆ ಬಂದು ಎಐ ಡಿನಾಯ್ಸ್ ಗುಂಡಿ ಒತ್ತಿದರೆ ಅದೆಲ್ಲ ಮಾಯವಾಗಿ ಒಂದೊಂದು ಗರಿಯೂ ಎದ್ದು ಕಾಣುತ್ತದೆ. ಆ ಗರಿ ಹಕ್ಕಿಯದೋ, ತಂತ್ರಾಂಶದ್ದೋ ಎಂಬುದೇ ಜಗಳ. ಎರಡೂ ಕಡೆಯ ವಾದವನ್ನು ಆದಷ್ಟು ಗಟ್ಟಿಯಾಗಿ ಮುಂದಿಡುತ್ತೇನೆ. ನನ್ನ ಒಲವು ಎತ್ತ ಎಂಬುದು ಮುಚ್ಚಿಟ್ಟರೂ ಅಡಗಲಾರದು.

ಪರ

ಕ್ಯಾಮೆರಾ ಕೊಟ್ಟದ್ದೆಲ್ಲ ನಿಜ, ಕಂಪ್ಯೂಟರ್ ಮುಟ್ಟಿದ್ದೆಲ್ಲ ಸುಳ್ಳು ಎಂಬ ಗೆರೆ ಡಿಜಿಟಲ್ ಛಾಯಾಗ್ರಹಣದಲ್ಲಿ ಎಂದೂ ಇರಲಿಲ್ಲ. ಸೆನ್ಸರಿನ ಪ್ರತಿ ಪಿಕ್ಸೆಲ್ ಕೆಂಪು, ಹಸಿರು, ನೀಲಿಗಳಲ್ಲಿ ಒಂದನ್ನು ಮಾತ್ರ ಅಳೆಯುತ್ತದೆ. ಉಳಿದೆರಡನ್ನು ಅಕ್ಕಪಕ್ಕದ ಪಿಕ್ಸೆಲ್‌ಗಳಿಂದ ಲೆಕ್ಕ ಹಾಕಿ ತುಂಬುತ್ತಾರೆ. ಸುಡುಬಿಸಿಲಲ್ಲಿ ತೆಗೆದ ಚಿತ್ರದಲ್ಲೂ ಬಣ್ಣದ ಮೂರರಲ್ಲಿ ಎರಡು ಪಾಲು ಊಹೆಯೇ. ಅದನ್ನು ಒಪ್ಪಿಕೊಂಡು ಇಷ್ಟು ವರ್ಷ ಬಹುಮಾನ ಹಂಚಿದವರು ಈಗ ಮಡಿ ಮಾಡುವುದೇಕೆ? ಫಿಲ್ಮ್ ಕಾಲದಲ್ಲೂ 400ರ ಟ್ರೈ-ಎಕ್ಸ್ ರೋಲನ್ನು 1600ಕ್ಕೆ ತಳ್ಳಿ, ಕಾಳು ದಪ್ಪವಾಗದಿರಲೆಂದು ಡೆವಲಪರ್ ಆರಿಸಿ ತೊಳೆಯುತ್ತಿದ್ದರು. ಅದು ಕತ್ತಲ ಕೋಣೆಯ ಕೈಚಳಕವಾದರೆ ಇದೂ ಅದೇ.

ಇನ್ನು ದುಡ್ಡಿನ ಮಾತು. 600 ಎಂಎಂ ಎಫ್ 4 ಲೆನ್ಸ್, ಎಫ್ 6.3ರ ಲೆನ್ಸಿಗಿಂತ ಸುಮಾರು ಎರಡೂವರೆ ಪಟ್ಟು ಬೆಳಕು ಒಳಗೆ ಬಿಡುತ್ತದೆ. ಅದರ ಬೆಲೆ ಹತ್ತು ಲಕ್ಷ ರೂಪಾಯಿಗೂ ಮೇಲೆ. ಹತ್ತು ವರ್ಷದ ಹಿಂದೆ ಮುಂಜಾವಿನ ಹಕ್ಕಿ ಉಳ್ಳವರ ಸೊತ್ತಾಗಿತ್ತು. ಇವತ್ತು ಹಳ್ಳಿಯ ಶಾಲಾ ಮೇಷ್ಟ್ರು ಕಂತಿನ ಮೇಲೆ ಕೊಂಡ ಜೂಮ್ ಹಿಡಿದು ಅದೇ ಹಕ್ಕಿಯನ್ನು ತೆಗೆಯುತ್ತಾರೆ. (ನಾಯ್ಸ್ ಬಗ್ಗೆ ಪಾವಿತ್ರ್ಯದ ಮಾತು ಹೆಚ್ಚಾಗಿ ದೊಡ್ಡ ಲೆನ್ಸ್ ಇದ್ದವರ ಬಾಯಲ್ಲೇ ಕೇಳಿಬರುವುದನ್ನು ನಾನೂ ಗಮನಿಸಿದ್ದೇನೆ.)

ಎಲ್ಲಕ್ಕಿಂತ ಮುಖ್ಯವಾದದ್ದು ಫ್ಲ್ಯಾಶ್. ನತ್ತಿಂಗ, ಗೂಬೆಗಳಂಥ ಹಕ್ಕಿಗಳನ್ನು ಹಾರುವಾಗ ಹಿಡಿಯಲು ಮೊದಲು ಅದಿಲ್ಲದೆ ಆಗುತ್ತಿರಲಿಲ್ಲ. ಕತ್ತಲೆಗೆ ಪೂರ್ತಿ ತೆರೆದ ಕಣ್ಣಿಗೆ ಹತ್ತಿರದಿಂದ ಹೊಡೆದ ಆ ಬೆಳಕು ಎಷ್ಟು ಹಿಂಸೆ ಎಂದು ಹಕ್ಕಿಯನ್ನು ಯಾರೂ ಕೇಳಲಿಲ್ಲ. ಐಎಸ್‌ಒ ಏರಿಸಿ ಆಮೇಲೆ ನಾಯ್ಸ್ ತೊಳೆಯಬಹುದು ಎಂಬ ಧೈರ್ಯವಿದ್ದರೆ ಫ್ಲ್ಯಾಶ್ ಚೀಲದಲ್ಲೇ ಉಳಿಯುತ್ತದೆ. ಈ ಒಂದು ಕಾರಣಕ್ಕಾದರೂ ಡಿನಾಯ್ಸ್ ಗುಂಡಿಗೆ ಕೈಮುಗಿಯಬೇಕು.

ನಿಯಮವೂ ಇದರ ಪರವಾಗಿಯೇ ಇದೆ. ಅಮೆರಿಕದ ಪಿಎಸ್‌ಎ, ಬ್ರಿಟನ್ನಿನ ಆರ್‌ಪಿಎಸ್ ಮತ್ತು ಅಂತರರಾಷ್ಟ್ರೀಯ ಒಕ್ಕೂಟ ಫಿಯಾಪ್ 2014ರಲ್ಲಿ ಒಪ್ಪಿಕೊಂಡ ನಿಸರ್ಗ ಛಾಯಾಗ್ರಹಣದ ವ್ಯಾಖ್ಯೆ, ದೂಳಿನ ಚುಕ್ಕೆ, ಡಿಜಿಟಲ್ ನಾಯ್ಸ್‌ನಂಥ, ಕ್ಯಾಮೆರಾ ತಾನಾಗಿ ಸೇರಿಸಿದ ಕೊಳೆಯನ್ನು ತೆಗೆಯಲು ಅನುಮತಿ ಕೊಡುತ್ತದೆ.

ವಿರೋಧ

ಆ ನಿಯಮದಲ್ಲೇ ಹುಳುಕಿದೆ. ಮಬ್ಬಿನಲ್ಲಿ ಕಾಣುವ ನಾಯ್ಸ್‌ನ ಬಹುಪಾಲನ್ನು ಕ್ಯಾಮೆರಾ ಸೇರಿಸುವುದಿಲ್ಲ, ಅದು ಬೆಳಕಿನಲ್ಲೇ ಇರುತ್ತದೆ. ಬೆಳಕು ಫೋಟಾನುಗಳಾಗಿ, ಬಿಡಿಬಿಡಿಯಾಗಿ ಬರುತ್ತದೆ. ಒಂದು ಪಿಕ್ಸೆಲ್‌ಗೆ ಹತ್ತು ಸಾವಿರ ಫೋಟಾನು ಬಿದ್ದರೆ ಏರಿಳಿತ ನೂರರಷ್ಟು, ಅಂದರೆ ಶೇ 1. ನೂರೇ ಬಿದ್ದರೆ ಏರಿಳಿತ ಹತ್ತು, ಶೇ 10. ಐಎಸ್‌ಒ ಏರಿಸಿದ್ದರಿಂದ ಚಿತ್ರ ಕೆಡುವುದಿಲ್ಲ, ಬೆಳಕು ಬಾರದ್ದರಿಂದ ಕೆಡುತ್ತದೆ. ಬಾರದ ಮಾಹಿತಿಯನ್ನು ತೊಳೆದು ತೆಗೆಯುವುದು ಹೇಗೆ? ಏನನ್ನಾದರೂ ತುಂಬಲೇಬೇಕು.

ತುಂಬುವುದು ಎಲ್ಲಿಂದ? ಪಿಕ್ಸೆಲ್‌ನ ಬಣ್ಣ ಊಹಿಸುವಾಗ ಪಕ್ಕದ ಪಿಕ್ಸೆಲ್ ನೋಡುತ್ತಾರೆ, ಅದು ಇದೇ ಹಕ್ಕಿಯ ಪಿಕ್ಸೆಲ್. ಎಐ ಡಿನಾಯ್ಸ್ ನೋಡುವುದು ತಾನು ಕಲಿತ ಸಾವಿರಾರು ಬೇರೆ ಚಿತ್ರಗಳನ್ನು, ಒಂದೇ ದೃಶ್ಯದ ನಾಯ್ಸ್ ಇದ್ದ ಮತ್ತು ಇಲ್ಲದ ಜೋಡಿಗಳನ್ನು. ಎರಡೂ ಊಹೆಯೇ ಎಂದು ಪರ ವಾದಿಗಳು ಹೇಳುವಾಗ ಈ ವ್ಯತ್ಯಾಸವನ್ನು ನುಂಗಿಬಿಡುತ್ತಾರೆ. ದೂರದ ಹೆಬ್ಬಾತನ್ನು ಕ್ರಾಪ್ ಮಾಡಿ, ಪರದೆಯಲ್ಲಿ ಶೇ 200ಕ್ಕೆ ಹಿಗ್ಗಿಸಿ ನೋಡಿ. ಮೂಲ ಫೈಲಿನಲ್ಲಿ ತಲೆಯ ಹಿಂದಿನ ಎರಡು ಕಪ್ಪು ಪಟ್ಟೆಗಳ ಅಂಚು ಒಡೆದೊಡೆದು ಬೂದಿಯೊಳಗೆ ಕರಗಿರುತ್ತದೆ. ತೊಳೆದ ಮೇಲೆ ಅದೇ ಅಂಚು ಸ್ಕೇಲ್ ಇಟ್ಟು ಎಳೆದಂತೆ ನೇರ. ಪಕ್ಕೆಯ ಬೂದು ಗರಿಗಳಲ್ಲಿ ಒಂದೇ ದಿಕ್ಕಿನ, ಒಂದೇ ಅಳತೆಯ ಗೆರೆಗಳು ಸಾಲಾಗಿ ಮೂಡಿರುತ್ತವೆ. ನೋಡಲು ಚೆಂದ, ಆದರೆ ಆ ಹಕ್ಕಿಯ ಮೈಮೇಲೆ ಅವು ಹಾಗೇ ಇದ್ದವು ಎಂದು ಯಾರೂ ಪ್ರಮಾಣ ಮಾಡಲಾರರು.

ಬರೀ ಚೆಂದಕ್ಕಾದರೆ ಬಿಡಿ, ಗೋಡೆಗೆ ತೂಗುಹಾಕಿಕೊಳ್ಳಿ. ಹಕ್ಕಿಯ ಚಿತ್ರ ಇವತ್ತು ದಾಖಲೆಯೂ ಹೌದು. ಸಂಜೆ ಹುಲ್ಲುಗಾವಲಿಗೆ ಮಲಗಲು ಬರುವ ಸೆಳೆವಗಳಲ್ಲಿ ಮಾಂಟೆಗ್ಯೂ ಮತ್ತು ಪ್ಯಾಲಿಡ್ ಹ್ಯಾರಿಯರ್ ಹೆಣ್ಣುಗಳನ್ನು ಬೇರ್ಪಡಿಸುವುದು ರೆಕ್ಕೆಯಡಿಯ ಪಟ್ಟೆಗಳ ಅಂತರ, ಕುತ್ತಿಗೆಯ ತೆಳುಬಣ್ಣದ ಬಳೆ ಇಂಥ ಸೂಕ್ಷ್ಮಗಳಿಂದ. ತಂತ್ರಾಂಶ ಮೊದಲು ಕೈಯಾಡಿಸುವುದೇ ಅಲ್ಲಿ. ಮಂಗೋಲಿಯಾದಲ್ಲಿ ಕೊರಳಪಟ್ಟಿ ತೊಡಿಸಿದ ಹೆಬ್ಬಾತುಗಳು ಮೈಸೂರು ಸೀಮೆಯ ಕೆರೆಗಳಲ್ಲಿ ಕಂಡದ್ದುಂಟು. ಆ ಪಟ್ಟಿಯ ಮೇಲಿನ ಅಕ್ಷರ, ಅಂಕಿಗಳನ್ನು ಓದಿದರೆ ಒಂದು ಹಕ್ಕಿಯ ಹಿಮಾಲಯ ದಾಟಿದ ಪಯಣ ಗೊತ್ತಾಗುತ್ತದೆ. ಮಸುಕಾದ ಸಣ್ಣ ಅಕ್ಷರಗಳನ್ನು ತಿರುಚಿಬಿಡುವುದು ಎಐ ಡಿನಾಯ್ಸ್‌ನ ಹಳೆಯ ಚಾಳಿ. ಓದಲಾಗದ ಪಟ್ಟಿ ಯಾರಿಗೂ ಮೋಸ ಮಾಡುವುದಿಲ್ಲ. 3 ಇದ್ದಲ್ಲಿ 8 ಎಂದು ನಿಚ್ಚಳವಾಗಿ ಓದಿಸುವ ಪಟ್ಟಿ ಮೋಸ ಮಾಡುತ್ತದೆ.

ಫ್ಲ್ಯಾಶಿನ ವಾದಕ್ಕೆ ನಾನೂ ತಲೆಬಾಗುತ್ತೇನೆ. ಅದರ ಇನ್ನೊಂದು ಮಗ್ಗುಲನ್ನೂ ನೋಡಬೇಕಷ್ಟೆ. ಹಿಂದೆ ಬೆಳಕು ಹೋದೊಡನೆ ಟ್ರೈಪಾಡ್ ಮಡಚಿ ಎಲ್ಲರೂ ಹೊರಡುತ್ತಿದ್ದರು. ಈಗ ಆ ಅಂಕುಶವಿಲ್ಲ. ಹಕ್ಕಿಗಳು ಕೂರಲು ಜಾಗ ಹುಡುಕುವ ಕೊನೆಯ ಅರ್ಧ ತಾಸಿನಲ್ಲೇ ಕ್ಯಾಮೆರಾಗಳು ದಂಡೆಗೆ ಇನ್ನಷ್ಟು ಹತ್ತಿರ ಸರಿಯುತ್ತವೆ. ಹಕ್ಕಿಗೆ ತೊಂದರೆ ಕೊಡಲು ಫ್ಲ್ಯಾಶೇ ಬೇಕಿಲ್ಲ.

ಬೇರೆ ದಾರಿಯೂ ಇದೆ. ಶಟರನ್ನು 1/50 ಸೆಕೆಂಡಿಗೆ ಇಳಿಸಿದರೆ 1/1600ಕ್ಕಿಂತ 32 ಪಟ್ಟು ಬೆಳಕು. ಐಎಸ್‌ಒ 12800 ಇದ್ದದ್ದು 400ಕ್ಕೆ ಬರುತ್ತದೆ. ಹಕ್ಕಿಯ ಜೊತೆಜೊತೆಗೇ ಸೊಂಟ ತಿರುಗಿಸುತ್ತ ಕ್ಲಿಕ್ಕಿಸಬೇಕು. ತಲೆ ತಕ್ಕಮಟ್ಟಿಗೆ ನಿಂತು, ರೆಕ್ಕೆ ಬೀಸಿದ ದಾರಿಯಷ್ಟೇ ಉಳಿಯುತ್ತದೆ. ಬಹಳಷ್ಟು ಫ್ರೇಮು ಹಾಳಾಗುತ್ತವೆ ನಿಜ. ಸಿಕ್ಕ ಒಂದರಲ್ಲಿ ಮಬ್ಬು ಮಬ್ಬಾಗಿಯೇ ಇರುತ್ತದೆ. ನಾಯ್ಸ್ ತೊಳೆಯುವವರು ಅಲ್ಲಿಗೇ ನಿಲ್ಲದೆ ಬೆಳಕನ್ನೂ ಏರಿಸಿ ಮುಂಜಾವನ್ನು ಮಟಮಟ ಮಧ್ಯಾಹ್ನ ಮಾಡಿಬಿಡುವುದು ನನಗಂತೂ ಸಹಿಸದು.

ಗುಂಡಿಯನ್ನು ನಿಷೇಧಿಸಿ ಎಂದು ಕೇಳುವಷ್ಟು ಮೂಢರೇನಲ್ಲ ಈ ಕಡೆಯವರು. ಕೇಳುವುದು ಇಷ್ಟೇ. ಎಐ ಬಳಸಿದ್ದರೆ ಚಿತ್ರದ ಕೆಳಗೆ ಐಎಸ್‌ಒ ಜೊತೆಗೆ ಅದನ್ನೂ ಬರೆಯಿರಿ. ಸ್ಪರ್ಧೆ ನಡೆಸುವವರು ಕೊನೆಯ ಸುತ್ತಿನಲ್ಲಾದರೂ ರಾ ಫೈಲ್ ತರಿಸಿ ನೋಡಿ. ಮುಂದಿನ ಚಳಿಗಾಲ ನಿಮ್ಮೂರ ಕೆರೆಯಲ್ಲಿ ಕೊರಳಪಟ್ಟಿಯ ಹೆಬ್ಬಾತು ಕಂಡರೆ, ನಾಯ್ಸ್ ಎಷ್ಟೇ ಇರಲಿ, ತೊಳೆಯದ ಫೈಲನ್ನೇ ಪಕ್ಷಿತಜ್ಞರಿಗೆ ಕಳಿಸಿ.