ಬಾಗಿಲು ತೆಗೆಯಿರಿ, ಮೇಸ್ತ್ರಿಗಳೇ!

ಮೊನ್ನೆ ಸಂಜೆ ಏಳರ ಸುಮಾರು. ಕೈಯಲ್ಲಿ ಸೂಟ್‌ಕೇಸು, ಹೆಗಲಿಗೆ ಟವೆಲ್ಲು. ನಮ್ಮೂರ ಬಂಗಲೆ ಬೀದಿಯ ಆ ಹಳೇ ಕಟ್ಟಡದ ಗೇಟಿನ ಮುಂದೆ ಒಬ್ಬ ಪರಸ್ಥಳದವರು ನಿಂತು ವಾಚ್‌ಮನ್ನನ್ನು ಕೇಳುತ್ತಿದ್ದರು:

“ರೂಮ್ ಖಾಲಿ ಇದ್ಯೇನಪ್ಪಾ? ಸಿಂಗಲ್ ಸಾಕು.”

“ಇದು ಆ ಲಾಡ್ಜ್ ಅಲ್ಲ ಸಾರ್. ಬಸ್‌ಸ್ಟ್ಯಾಂಡ್ ಹತ್ರ ಹೋಗಿ, ಸಾಲಾಗಿ ಇದಾವೆ.”

“ಮತ್ತೆ ಇದ್ಯಾವ ಲಾಡ್ಜು?”

“ನಂಗೂ ಗೊತ್ತಿಲ್ಲ ಸಾರ್. ಹನ್ನೊಂದು ವರ್ಷದಿಂದ ಕಾಯ್ತಾ ಇದೀನಿ.”

ನಗಬೇಡಿ ಸ್ವಾಮಿ. ಕಾಯುವವನಿಗೇ ತಾನು ಏನನ್ನು ಕಾಯುತ್ತಿದ್ದೇನೆಂದು ತಿಳಿಯದಿದ್ದರೆ ಅದು ಅವನ ತಪ್ಪಲ್ಲ, ಒಳಗೆ ಕೂತವರ ತಪ್ಪು. ಆ ಕಟ್ಟಡ ಫ್ರೀಮೇಸನ್ನರ ಲಾಡ್ಜು. ಊರಿನ ಹುಡುಗರ ಬಾಯಲ್ಲಿ ಮಾತ್ರ ಅದು ‘ದೆವ್ವದ ಬಂಗಲೆ’. ಉತ್ತರ ಹಿಂದೂಸ್ಥಾನದ ಜನ ಇಂಥ ಕಟ್ಟಡಗಳಿಗೆ ‘ಜಾದೂಘರ್’ ಎಂದೇ ಹೆಸರಿಟ್ಟುಬಿಟ್ಟಿದ್ದಾರೆ. ಆ ಲೆಕ್ಕದಲ್ಲಿ ನಮ್ಮವರೇ ವಾಸಿ ಎನ್ನುವಂತಿಲ್ಲ!

ಈಗ ಈ ಮಾತು ಏಕೆ ಎತ್ತಿದೆವೆಂದರೆ, ಕೋರ್ಟಿನ ಎದುರಿನ ಹೋಟೆಲಿನಲ್ಲಿ ಒಂದು ಸುದ್ದಿ ಹಬ್ಬಿದೆ. ಲಾಡ್ಜಿನ ಜಾಗ ಮಾರಾಟವಾಗುತ್ತದಂತೆ, ಮೂರಂತಸ್ತಿನ ಕಾಂಪ್ಲೆಕ್ಸು ಏಳುತ್ತದಂತೆ. ಇದು ನಿಜವೇ ಎಂದು ಲಾಡ್ಜಿನ ಹಿರಿಯ ಸದಸ್ಯರೊಬ್ಬರನ್ನು, ನಿವೃತ್ತ ಹೆಡ್‌ಮಾಸ್ತರನ್ನು, ಕೇಳಿದೆವು. ಮಾರಾಟದ ತೀರ್ಮಾನ ಇನ್ನೂ ಆಗಿಲ್ಲ ಎಂದರು. ಆಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು, “ಮಾರದೆ ಏನ್ ಮಾಡೋದು ಹೇಳಿ? ಹೋದ ಮೀಟಿಂಗಿಗೆ ಒಂಬತ್ತು ಜನ ಬಂದಿದ್ವಿ. ಅದರಲ್ಲಿ ಇಬ್ಬರಿಗೆ ಕಿವಿ ಕೇಳ್ಸಲ್ಲ” ಎಂದರು.

ಇದೇನು ಸಂಘ?

ತಿಳಿಯದವರಿಗಾಗಿ ನಾಲ್ಕು ಮಾತು. ಮೇಸನ್ ಎಂದರೆ ಕಲ್ಲು ಕಟ್ಟುವ ಮೇಸ್ತ್ರಿ. ಯೂರೋಪಿನ ಕಲ್ಲುಕುಟಿಗರ ಹಳೆಯ ಸಂಘಗಳ ಕಟ್ಟಳೆಗಳನ್ನು ಮಾದರಿಯಾಗಿಟ್ಟುಕೊಂಡು, ಕಲ್ಲು ಮುಟ್ಟದ ಮಂದಿ ಕಟ್ಟಿದ ಬಳಗ ಇದು. 1717ರಲ್ಲಿ ಲಂಡನ್ನಿನ ನಾಲ್ಕು ಲಾಡ್ಜುಗಳು ಒಟ್ಟುಗೂಡಿ ಗ್ರ್ಯಾಂಡ್ ಲಾಡ್ಜ್ ಆಯಿತೆಂದು ಅವರ ಸಂಪ್ರದಾಯ ಹೇಳುತ್ತದೆ. 1730ರ ಹೊತ್ತಿಗೆ ಕುಂಪಣಿಯವರ ಹಡಗು ಹತ್ತಿ ಕಲ್ಕತ್ತೆಗೂ ಬಂದಿತ್ತು. ಸ್ವಾತಂತ್ರ್ಯ ಬಂದ ಮೇಲೆ, 1961ರ ನವೆಂಬರ್ 24ರಂದು, ಭಾರತದ್ದೇ ಆದ ಗ್ರ್ಯಾಂಡ್ ಲಾಡ್ಜ್ ದೆಹಲಿಯಲ್ಲಿ ಸ್ಥಾಪನೆಯಾಯಿತು. ದಕ್ಷಿಣದ ಪ್ರಾಂತ ಕಚೇರಿ ಚೆನ್ನೈಯಲ್ಲಿದೆ.

ಮೂಲೆಮಟ್ಟ, ಕೈವಾರ, ರಸಮಟ್ಟ, ತೂಗುಗುಂಡು — ಇವೇ ಅವರ ಲಾಂಛನಗಳು. ಮೂಲೆಮಟ್ಟ ಎಂದರೆ ನಡತೆ ನೇರವಿರಲಿ. ರಸಮಟ್ಟ ಎಂದರೆ ಮನುಷ್ಯರೆಲ್ಲ ಸಮ. ಮೂರು ಮೆಟ್ಟಿಲ ದೀಕ್ಷೆ ಉಂಟು. ಅಧ್ಯಕ್ಷರು ಪೂರ್ವಕ್ಕೆ ಕೂರಬೇಕು, ಬಾಗಿಲ ಹೊರಗೆ ‘ಟೈಲರ್’ ಎಂಬುವರು ಕತ್ತಿ ಹಿಡಿದು ನಿಲ್ಲಬೇಕು. (ಬಟ್ಟೆ ಹೊಲಿಯುವ ಟೈಲರ್ ಅಲ್ಲ!) ಒಬ್ಬ ಪರಮಾತ್ಮ ಇದ್ದಾನೆಂಬ ನಂಬಿಕೆ ಇರಬೇಕು, ಅವನನ್ನು ಯಾವ ಹೆಸರಿನಿಂದ ಕರೆಯುತ್ತೀರಿ ಎಂದು ಯಾರೂ ಕೇಳುವುದಿಲ್ಲ. ನಮ್ಮ ದೇಶದ ಲಾಡ್ಜುಗಳಲ್ಲಿ ಗೀತೆ, ಕುರಾನು, ಬೈಬಲ್ಲು ಒಂದೇ ಪೀಠದ ಮೇಲೆ ಇರುತ್ತವೆ. ಅವರವರ ಗ್ರಂಥದ ಮೇಲೆ ಅವರವರ ಪ್ರಮಾಣ. ಒಳಗೆ ಮತ–ರಾಜಕೀಯದ ಚರ್ಚೆ ಕೂಡದು.

ಇಷ್ಟೇ ಅವರ ಜಾದೂ. ಕೈಕುಲುಕುವ ಗುರುತೊಂದು ಗುಟ್ಟಾಗಿದ್ದರೆ ಇದ್ದುಕೊಳ್ಳಲಿ, ಅದರಿಂದ ಯಾರ ಗಂಟೂ ಹೋಗುವುದಿಲ್ಲ.

ಹೋದರೆ ಹೋಗಲಿ ಎನ್ನಬಹುದೇ?

“ಬಿಳಿ ದೊರೆಗಳ ಕ್ಲಬ್ಬು, ಮುಚ್ಚಿದರೆ ನಮಗೇನು?” ಎಂದು ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆ. ದೊರೆಗಳು ನಮ್ಮವರನ್ನು ಸುಲಭಕ್ಕೆ ಒಳಗೆ ಬಿಟ್ಟುಕೊಳ್ಳಲಿಲ್ಲ ಎಂಬುದೂ ನಿಜ. ಬಂಗಾಳದಲ್ಲಿ ಪ್ರಸನ್ನಕುಮಾರ ದತ್ತ ಎಂಬ ವರ್ತಕರು ಸದಸ್ಯತ್ವ ಕೇಳಿದಾಗ, ಹಿಂದೂಗಳಿಗೆ ದೇವರು ಹಲವರು, ನಿಯಮಕ್ಕೆ ಒಗ್ಗುವುದಿಲ್ಲ ಎಂದು ಅಡ್ಡಗಾಲು ಹಾಕಿದರು. ದತ್ತರು ಬಿಡುವ ಆಸಾಮಿಯಲ್ಲ. ವರ್ಷಗಟ್ಟಲೆ ಪತ್ರ ಬರೆದು, ವಾದ ಹೂಡಿ, ಕಡೆಗೆ 1872ರಲ್ಲಿ ಒಳಗೆ ಕಾಲಿಟ್ಟರು. ಅದಾಗಿ ಹನ್ನೆರಡೇ ವರ್ಷಕ್ಕೆ, 1884ರಲ್ಲಿ, ಕಲ್ಕತ್ತೆಯ ‘ಆಂಕರ್ ಅಂಡ್ ಹೋಪ್’ ಲಾಡ್ಜಿಗೆ ನರೇಂದ್ರನಾಥ ದತ್ತ ಎಂಬ ತರುಣನೊಬ್ಬ ಸೇರಿದ. ಮುಂದೆ ಜಗತ್ತು ಅವರನ್ನು ಸ್ವಾಮಿ ವಿವೇಕಾನಂದ ಎಂದು ಕರೆಯಿತು.

ಎಂದರೆ, ಎಲ್ಲರೂ ಸಮ ಎಂಬ ಮಾತನ್ನು ಹೇಳಿದವರು ದೊರೆಗಳು. ಅದನ್ನು ಆಡಿದಂತೆ ನಡೆಸಿಕೊಟ್ಟವರು ನಮ್ಮವರು. ಆ ಬಾಗಿಲು ದಾನವಾಗಿ ಬಂದದ್ದಲ್ಲ, ಜಗಳವಾಡಿ ತೆಗೆಸಿದ್ದು. ಈಗ ನಾವೇ ಬೀಗ ಜಡಿದು ಬಿಲ್ಡರಿಗೆ ಕೀಲಿಕೈ ಕೊಡುವುದೇ?

ನಮ್ಮೂರನ್ನೇ ನೋಡಿ. ಪ್ರತಿ ಜಾತಿಗೊಂದು ಸಮುದಾಯ ಭವನ, ಪ್ರತಿ ಪಂಗಡಕ್ಕೊಂದು ಹಾಸ್ಟೆಲು, ಸಹಕಾರ ಸಂಘ, ಕಲ್ಯಾಣ ಮಂಟಪ. ಇರಲಿ, ಬೇಡವೆನ್ನುವುದಿಲ್ಲ. ಆದರೆ ಹಾರ್ಡ್‌ವೇರ್ ಅಂಗಡಿಯ ಸಾಹೇಬರು, ಮಠದ ಶಾಲೆಯ ಮೇಷ್ಟ್ರು, ಚರ್ಚಿನ ಪಕ್ಕದ ಡಾಕ್ಟರು, ಕೇರಿಯಿಂದ ಬಂದು ಎಂಜಿನಿಯರಾದ ಹುಡುಗ — ಇವರು ನಾಲ್ಕೂ ಜನ ಒಂದೇ ಮೇಜಿಗೆ ಕೂತು ಊಟ ಮಾಡುವ ಜಾಗ ಈ ಊರಿನಲ್ಲಿ ಎಷ್ಟಿವೆ? ಬೆರಳು ಮಡಚಿ ಎಣಿಸಿ ನೋಡಿ, ಒಂದು ಕೈಯೂ ತುಂಬದು. ಅಂಥದ್ದೊಂದು ಮೇಜು ಆ ಬಂಗಲೆಯೊಳಗೆ ಇದೆ. ಅದರ ಮೇಲೆ ಧೂಳು ಕೂತಿದೆ, ಅಷ್ಟೇ.

ತಲೆ ಎಣಿಸಿದರೆ ಪ್ರಯೋಜನವಿಲ್ಲ

ಇನ್ನು ಲಾಡ್ಜಿನವರಿಗೆ ಎರಡು ಕಟುಮಾತು. ಹಿಂದೆ ನಿಮ್ಮಲ್ಲಿ ಸೇರಿದವರಲ್ಲಿ ಕೆಲವರು ಬಂದದ್ದು ನೇರ ನಡತೆ ಕಲಿಯುವುದಕ್ಕಲ್ಲ. ದೊಡ್ಡ ಆಫೀಸರುಗಳ ಪರಿಚಯವಾಗುತ್ತದೆ, ವರ್ಗಾವಣೆ ನಿಲ್ಲಿಸಬಹುದು, ಟೆಂಡರಿಗೆ ದಾರಿಯಾಗಬಹುದು ಎಂದು ಬಂದರು. ಆ ಆಸೆ ತೀರದಿದ್ದಾಗ ಹೊರಟುಹೋದರು. ಹೋದದ್ದೇ ಒಳ್ಳೆಯದಾಯಿತು.

ಆದರೆ ಒಳ್ಳೆಯ ಹುಡುಗರೂ ಹೋಗಿದ್ದಾರಲ್ಲ! ನಮಗೆ ಪರಿಚಯದ ಒಬ್ಬ ಕಾಲೇಜು ಲೆಕ್ಚರರ್ ಎರಡು ವರ್ಷ ಹೋಗಿ ಬಿಟ್ಟ. ಏಕಪ್ಪಾ ಎಂದರೆ, “ಮೊದಲ ದಿನ ಮೈ ಜುಮ್ಮೆಂತು ಸಾರ್. ಆಮೇಲೆ ಪ್ರತಿ ಸಲ ಹಿಂದಿನ ಮೀಟಿಂಗಿನ ವರದಿ ಓದೋದು, ಕರೆಂಟ್ ಬಿಲ್ಲು ಚರ್ಚೆ ಮಾಡೋದು, ಮನೆಗೆ ಹೋಗೋದು. ಆ ತೂಗುಗುಂಡಿನ ಅರ್ಥ ಏನು ಅಂತ ಕೇಳಿದ್ರೆ ‘ಬಾಯಿಪಾಠ ಮಾಡು, ತಾನಾಗೇ ತಿಳಿಯುತ್ತೆ’ ಅಂದ್ರು” ಎಂದ. ಅರ್ಥ ತಿಳಿಯದೆ ಮಂತ್ರ ಹೇಳುವ ಪುರೋಹಿತರನ್ನು ಆಡಿಕೊಳ್ಳುವ ನಾವೇ ಇಲ್ಲಿ ಮಾಡಿದ್ದೇನು?

ಅಮೆರಿಕದ ಕಥೆ ಕೇಳಿ. ಅಲ್ಲಿ 1959ರಲ್ಲಿ 41 ಲಕ್ಷ ಮೇಸನ್ನರಿದ್ದರು. 2020ರ ಹೊತ್ತಿಗೆ 9 ಲಕ್ಷಕ್ಕೂ ಕೆಳಗಿಳಿದರು. ಗಾಬರಿ ಬಿದ್ದು ಕೆಲವು ರಾಜ್ಯಗಳವರು, ತಿಂಗಳುಗಟ್ಟಲೆ ನಡೆಯಬೇಕಾದ ಮೂರು ದೀಕ್ಷೆಗಳನ್ನು ಒಂದೇ ದಿನದಲ್ಲಿ ಸಾವಿರಾರು ಜನಕ್ಕೆ ಕೊಟ್ಟು ಮುಗಿಸಿದರು, ಸಾಮೂಹಿಕ ವಿವಾಹದ ಹಾಗೆ! ಇಳಿತ ನಿಲ್ಲಲಿಲ್ಲ. ಅಲ್ಲೇ ಇನ್ನು ಕೆಲವು ಲಾಡ್ಜುಗಳು ಬೇರೆ ದಾರಿ ಹಿಡಿದವು: ಸದಸ್ಯರು ಕಡಿಮೆ ಇರಲಿ, ದೀಕ್ಷೆ ನಿಧಾನವಾಗಿ ಆಗಲಿ, ಪ್ರತಿ ಸಭೆಯಲ್ಲೂ ಒಂದು ಉಪನ್ಯಾಸ, ಆಮೇಲೆ ಒಟ್ಟಿಗೆ ಊಟ. ಇಂಗ್ಲೆಂಡಿನವರು 2005ರಿಂದ ವಿಶ್ವವಿದ್ಯಾಲಯಗಳ ತರುಣರನ್ನು ಸೇರಿಸಿಕೊಳ್ಳಲೆಂದೇ ಒಂದು ಯೋಜನೆ ನಡೆಸುತ್ತಿದ್ದಾರೆ; ಲಂಡನ್ನಿನ ತಮ್ಮ ದೊಡ್ಡ ಭವನವನ್ನೂ ವಸ್ತುಸಂಗ್ರಹಾಲಯವನ್ನೂ ಸಾರ್ವಜನಿಕರಿಗೆ ತೆರೆದಿಟ್ಟಿದ್ದಾರೆ. ಇದರಿಂದ ಅವರ ಗುಟ್ಟೇನೂ ಬಯಲಾಗಿಲ್ಲ.

ಮೂರು ಸಲಹೆ

ಕೇಳದಿದ್ದರೂ ಸಲಹೆ ಕೊಡುವುದು ಪತ್ರಿಕೆಯವರ ಚಟ. ಮೂರೇ ಮೂರು ಹೇಳುತ್ತೇವೆ.

ಮೊದಲನೆಯದು ಒಡನಾಟ. ಸಭೆ ಮುಗಿದ ಕೂಡಲೆ ಸ್ಕೂಟರ್ ಹತ್ತಬೇಡಿ. ಒಟ್ಟಿಗೆ ಕೂತು ಊಟ ಮಾಡಿ. ದೊಡ್ಡ ಹೋಟೆಲಿನ ಊಟ ಬೇಡ, ಅನ್ನ–ಸಾರು–ಪಲ್ಯ ಸಾಕು. ಮೂರು ಸಭೆಗೆ ಬಾರದವರ ಮನೆಗೆ ಇಬ್ಬರು ಹೋಗಿ ಬನ್ನಿ. ಚಂದಾ ಬಾಕಿ ಕೇಳುವುದಕ್ಕಲ್ಲ, ಆರೋಗ್ಯ ಕೇಳುವುದಕ್ಕೆ. ತೀರಿಕೊಂಡ ಸದಸ್ಯರ ಮನೆಯವರನ್ನು ಹಬ್ಬಕ್ಕೊಮ್ಮೆಯಾದರೂ ನೆನೆಯಿರಿ. ಹೆಂಗಸರಿಗೆ ಸದಸ್ಯತ್ವವಿಲ್ಲ ಎಂಬುದು ನಿಮ್ಮ ನಿಯಮ. ಊಟಕ್ಕೂ ಉಪನ್ಯಾಸಕ್ಕೂ ಬರಬಾರದೆಂದು ಎಲ್ಲಿದೆ? ಬಂಧುತ್ವ ಎಂಬ ಮಾತು ಪುಸ್ತಕದಲ್ಲಿದ್ದರೆ ಸಾಲದು, ಪಂಕ್ತಿಯಲ್ಲಿರಬೇಕು.

ಎರಡನೆಯದು ಕಲಿಕೆ. ಪ್ರತಿ ಸಭೆಯಲ್ಲೂ ಹದಿನೈದು ನಿಮಿಷ ಒಬ್ಬರು ಒಂದು ವಿಷಯ ತಿಳಿಸಿ ಹೇಳಲಿ, ಕನ್ನಡದಲ್ಲೇ ಹೇಳಲಿ. ಒಂದು ದಿನ ಮೂಲೆಮಟ್ಟದ ಅರ್ಥ, ಇನ್ನೊಂದು ದಿನ ಪ್ರಸನ್ನಕುಮಾರ ದತ್ತರ ಹೋರಾಟ. ಹೊಸಬನಿಗೊಬ್ಬ ಹಿರಿಯ ಜೊತೆಯಿರಲಿ, ಅವನು ಕೇಳಿದ್ದಕ್ಕೆ ಬೇಸರಪಡದೆ ಉತ್ತರ ಹೇಳಲಿ. ನಮ್ಮ ಹೆಡ್‌ಮಾಸ್ತರಂಥವರು ಮೂವತ್ತು ವರ್ಷ ಮಕ್ಕಳಿಗೆ ಪಾಠ ಹೇಳಿದವರು, ಲಾಡ್ಜಿನಲ್ಲಿ ಮಾತ್ರ ಮೌನವೇಕೆ?

ಮೂರನೆಯದು ಊರಿನ ನಂಟು. ವರ್ಷಕ್ಕೊಂದು ಕಂಬಳಿ ಹಂಚಿ ಫೋಟೋ ಕಳಿಸುವುದನ್ನು ನಾವು ಬಲ್ಲೆವು. ಆ ಫೋಟೋ ಅಚ್ಚು ಮಾಡುವವರೂ ನಾವೇ. ಅದು ನಂಟಲ್ಲ. ಕೊಯಮತ್ತೂರಿನಲ್ಲಿ ಮೇಸನ್ನರದೊಂದು ಮಕ್ಕಳ ಆಸ್ಪತ್ರೆ ಇದೆ, ದೆಹಲಿಯ ವಸಂತ ಕುಂಜ್‌ನಲ್ಲಿ ಶಾಲೆ ಇದೆ. ಒಂಬತ್ತು ಜನಕ್ಕೆ ಅಷ್ಟು ಶಕ್ತಿಯಿಲ್ಲ ನಿಜ. ಆದರೆ ಮುಂದಿನ ದೊಡ್ಡ ಹಜಾರ ತಿಂಗಳಲ್ಲಿ ಇಪ್ಪತ್ತೊಂಬತ್ತು ದಿನ ಖಾಲಿ ಬಿದ್ದಿದೆಯಲ್ಲ? ದೀಕ್ಷೆಯ ಕೋಣೆಗೆ ಬೀಗವಿರಲಿ, ಹಜಾರಕ್ಕೆ ಬೇಡ.

ಅಲ್ಲಿ ಯಾರು ಬರಬೇಕು? ಇದಕ್ಕೆ ಉತ್ತರ ನಿಮ್ಮ ಹೆಸರಿನಲ್ಲೇ ಇದೆ. ದಿನಾ ಬೆಳಗ್ಗೆ ಏಳು ಗಂಟೆಗೆ ಗಡಿಯಾರದ ಸರ್ಕಲ್ಲಿಗೆ ಹೋಗಿ ನೋಡಿ. ಕರಣೆ, ತೂಗುಗುಂಡು ಚೀಲದಲ್ಲಿಟ್ಟುಕೊಂಡು ಕೂಲಿಗಾಗಿ ಕಾಯುತ್ತಾ ಗುಂಪಾಗಿ ನಿಂತಿರುತ್ತಾರೆ ನಿಜವಾದ ಮೇಸನ್ನರು. ರಾಯಚೂರು, ಯಾದಗಿರಿ ಕಡೆಯಿಂದ ಬಂದವರೇ ಹೆಚ್ಚು. ವರ್ಷಕ್ಕೆ 90 ದಿನ ಕಟ್ಟಡ ಕೆಲಸ ಮಾಡಿದ್ದರೆ ರಾಜ್ಯದ ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ಹೆಸರು ನೋಂದಾಯಿಸಬಹುದು, ಮಕ್ಕಳ ಓದಿಗೆ ನೆರವು, ಪಿಂಚಣಿ ಕೇಳಬಹುದು. ಅರ್ಜಿ ತುಂಬಿಕೊಡುವವರಿಲ್ಲದೆ ಎಷ್ಟೋ ಜನ ದಲ್ಲಾಳಿಗಳ ಕೈಗೆ ಬೀಳುತ್ತಾರೆ. ನಿಮ್ಮಲ್ಲಿ ವಕೀಲರಿದ್ದಾರೆ, ಎಂಜಿನಿಯರಿದ್ದಾರೆ, ಮಾಸ್ತರಿದ್ದಾರೆ. ವಾರಕ್ಕೆ ಒಂದು ಸಂಜೆ ಅರ್ಜಿ ಬರೆದುಕೊಡಿ. ಇನ್ನೊಂದು ಸಂಜೆ ಪ್ಲಾನ್ ಓದುವುದು, ಎಸ್ಟಿಮೇಟ್ ಹಾಕುವುದು ಹೇಳಿಕೊಡಿ. ಅವರ ಮಕ್ಕಳು ಆ ಮೇಜಿನ ಮೇಲೆ ಪುಸ್ತಕ ಹರಡಿ ಎಸ್ಸೆಸ್ಸೆಲ್ಸಿಗೆ ಓದಲಿ. ಷೆಡ್ಡಿನಲ್ಲಿ ಅವರಿಗೆ ಲೈಟೂ ಇಲ್ಲ, ಜಾಗವೂ ಇಲ್ಲ.

ಮೂರು ಶತಮಾನದಿಂದ ಮೇಸ್ತ್ರಿಯ ಮಟ್ಟಗೋಲು ನಿಮ್ಮ ಎದೆಯ ಮೇಲೆ ಲಾಂಛನವಾಗಿ ಹೊಳೆಯುತ್ತಿದೆ. ಒಮ್ಮೆ ಆ ಮೇಸ್ತ್ರಿಯನ್ನೇ ಒಳಗೆ ಕರೆದು ಕುರ್ಚಿ ಕೊಡಿ. ರಸಮಟ್ಟದ ಅರ್ಥ ಆಗ ಉಪನ್ಯಾಸವಿಲ್ಲದೆಯೇ ತಿಳಿಯುತ್ತದೆ.

ಇದನ್ನೆಲ್ಲ ಮಾಡಿದರೆ ನಾಳೆಯೇ ನೂರು ಜನ ಸೇರುತ್ತಾರೆಂದು ನಾವು ಹೇಳುವುದಿಲ್ಲ. ಒಂಬತ್ತು ಹನ್ನೆರಡಾದೀತು, ಹನ್ನೆರಡು ಹದಿನಾರಾದೀತು. ಆದರೆ ಆ ಹದಿನಾರು ಜನ ಕೆಲಸಕ್ಕೆ ಬಂದವರಾಗಿರುತ್ತಾರೆ, ವರ್ಗಾವಣೆಗೆ ಬಂದವರಲ್ಲ. ಊರಿನವರಿಗೂ ಒಂದು ಮಾತು: ದೆವ್ವದ ಕಥೆ ಸಾಕು ಮಾಡಿ. ಹಜಾರದ ಬಾಗಿಲು ತೆರೆದ ದಿನ ಒಳಗೆ ಹೋಗಿ ಒಂದು ಲೋಟ ಕಾಫಿ ಕುಡಿದು ಬನ್ನಿ.

ಕಾಂಪ್ಲೆಕ್ಸುಗಳಿಗೆ ನಮ್ಮೂರಲ್ಲಿ ಬರವಿಲ್ಲ. ಇರುವ ಕಾಂಪ್ಲೆಕ್ಸುಗಳ ಮೇಲಂತಸ್ತಿನಲ್ಲೇ ‘ಬಾಡಿಗೆಗೆ ಇದೆ’ ಬೋರ್ಡು ನೇತಾಡುತ್ತಿವೆ. ಎಲ್ಲರೂ ಕೂರುವ ಮೇಜಿಗೆ ಮಾತ್ರ ಬರ. ಸಂಬಂಧಪಟ್ಟವರು ಸಹಿ ಹಾಕುವ ಮುಂಚೆ ಇದಿಷ್ಟನ್ನು ಯೋಚಿಸಲಿ.

ಅಲ್ಲಿಯವರೆಗೆ ಕಡೇಪಕ್ಷ ಒಂದು ಕೆಲಸ ಇಂದೇ ಮಾಡಬಹುದು. ಗೇಟಿನಲ್ಲಿ ನಿಂತ ಆ ವಾಚ್‌ಮನ್ನನ್ನು ಒಳಗೆ ಕರೆದು ಕೂರಿಸಿ, ಅವನು ಹನ್ನೊಂದು ವರ್ಷದಿಂದ ಕಾಯುತ್ತಿರುವುದು ಏನೆಂದು ಹೇಳಿ. ಕಲಿಕೆ ಅಲ್ಲಿಂದಲೇ ಶುರುವಾಗಲಿ.