ಸೌದೆ ಹೊರೆ ಯಾರ ತಲೆ ಮೇಲೆ?

ಡಿಸೆಂಬರ್ ಬಂತು. ಮೂಡಿಗೆರೆ, ಕಳಸದ ಹೋಂಸ್ಟೇಗಳ ಕ್ಯಾಂಪ್‌ಫೈರ್ ಫೋಟೋ ನೋಡಿ ನೋಡಿ ಸಾಕಾಗಿದೆ. ಬಂಧುಗಳೇ, ಒಂದು ರಾತ್ರಿ ಮೋಜಿಗೆ ಉರಿಯೋ ಆ ಸೌದೆಯಲ್ಲಿ ಲೈನ್ ಮನೆಯ ವಾರದ ಅಡುಗೆ ಆಗುತ್ತೆ.

ನಮ್ಮವ್ವ ದಿನವಿಡೀ ಕಾಫಿ ಹಣ್ಣು ಕುಯ್ದು, ಸಂಜೆ ಮರಗಸಿಯಲ್ಲಿ ಕಡಿದು ಬಿಟ್ಟಿದ್ದ ರೆಂಬೆ ಆಯ್ದು, ಸಿಂಬೆ ಇಟ್ಟು ಹೊತ್ತು ತರ್ತಿದ್ಳು. ಒಂದ್ಸಲ ತೋಟದ ರೈಟರ್ ಗೇಟಲ್ಲೇ ಹೊರೆ ಇಳಿಸಿಬಿಟ್ಟ. "ಯಾರನ್ನ ಕೇಳಿ ತಗೊಂಡೆ?" ಆ ಸಿಲ್ವರ್ ಗಿಡ ನೆಟ್ಟಿದ್ದೂ ಅವಳೇ. ಅವತ್ತು ಚಳಿಯಲ್ಲಿ ಒಲೆ ಹತ್ತಲಿಲ್ಲ.

ತೋಟ ಬಿಟ್ಟು ಕಾಡಿಗೆ ಹೋದ್ರೆ ಫಾರೆಸ್ಟ್‌ನೋರು. 2006ರ ಅರಣ್ಯ ಹಕ್ಕು ಕಾಯ್ದೆ ಇದೆ ನಿಜ. ಆದ್ರೆ ಆದಿವಾಸಿಗಳಲ್ಲದ ನಾವು ಮೂರು ತಲೆಮಾರು, ಅಂದ್ರೆ 75 ವರ್ಷ, ಕಾಡನ್ನೇ ನಂಬಿ ಅಲ್ಲೇ ಇದ್ವಿ ಅಂತ ಸಾಬೀತು ಮಾಡಬೇಕು. ತೋಟದಿಂದ ತೋಟಕ್ಕೆ ಅಲೆದ ಜೀತದವರ ಮಕ್ಕಳ ಹತ್ರ ಯಾವ ದಾಖಲೆ ಸ್ವಾಮಿ? ನಾನೂ ಗುಮಾಸ್ತನೇ, ಕಾಗದ ಇಲ್ಲದ ಅರ್ಜಿ ಎಲ್ಲಿ ಮಲಗುತ್ತೆ ಅಂತ ಗೊತ್ತು.

"ಗ್ಯಾಸ್ ಕೊಟ್ಟಿಲ್ವಾ?" ಅಂತೀರಿ. ಸಿಲಿಂಡರ್ ತುಂಬಿಸೋಕೆ ಎಷ್ಟು ದಿನದ ಕೂಲಿ ಬೇಕು, ನೀವೇ ಲೆಕ್ಕ ಹಾಕಿ.

ಕಡಿದ ರೆಂಬೆ ಕಾರ್ಮಿಕರದ್ದು ಅಂತ ಕೂಲಿ ಒಪ್ಪಂದದಲ್ಲೇ ಬರೀರಿ. ಲೈನ್ ಬಾಗಿಲಿಗೆ ತೋಟದ ಗಾಡಿಯಲ್ಲೇ ತಲುಪಿಸಿ. ಹೋಂಸ್ಟೇಗೆ ಪಿಕಪ್‌ನಲ್ಲೇ ಹೋಗುತ್ತಲ್ವಾ?

ಜೈ ಭೀಮ್.