ಕಸದ ಗುಡ್ಡ ಮುಚ್ಚಿದರೆ ಬಾಕಿ ತೀರಿತೆ?



ಬೋರ್‌ವೆಲ್ ಸಾಲದ ಎರಡು ಕಂತು ತಪ್ಪಿದ್ದಕ್ಕೆ ಬ್ಯಾಂಕಿನವರು ನನ್ನ ಮನೆ ಬಾಗಿಲಿಗೆ ಬಂದು ನಿಂತಿದ್ದರು. ಪಹಣಿಯಲ್ಲಿ ಸಾಲ ಬರೆದಿತ್ತು. ಕಡೇ ಕಂತು ಕಟ್ಟಿ, ಬೇಬಾಕಿ ಪತ್ರ ತಂದುಕೊಡುವ ತನಕ ಆ ಗೆರೆ ಅಳಿಯಲಿಲ್ಲ. ರೈತನ ಬಾಕಿಯನ್ನು ಯಾರೂ ಮರೆಯೋದಿಲ್ಲ. ಆದರೆ ಪಟ್ಟಣ ನಮ್ಮ ಹಳ್ಳಿಗಳಿಗೆ ಕೊಡಬೇಕಾದ ಒಂದು ಬಾಕಿ ಇದೆ. ಅದು ಯಾವ ಪಹಣಿಯಲ್ಲೂ ಇಲ್ಲ. ಅದೇ ಕಸದ ಬಾಕಿ.

ಬೆಂಗಳೂರಿನ ಕಸ ಮಾವಳ್ಳಿಪುರದಲ್ಲಿ ಬೀಳುತ್ತಿತ್ತು. ಅಲ್ಲಿನ ಜನ ಹೋರಾಡಿದರು, 2012ರಲ್ಲಿ ಲಾರಿ ನಿಂತಿತು. ಆ ಹೊರೆ ಮಂಡೂರಿನ ತಲೆಗೆ ಬಿತ್ತು. ಮಂಡೂರಿನವರೂ ಬೀದಿಗಿಳಿದರು, 2014ರ ಡಿಸೆಂಬರ್ 1ರಿಂದ ಅಲ್ಲೂ ಕಸ ಸುರಿಯುವುದು ನಿಂತಿತು. ಪಟ್ಟಣದವರು ಅಲ್ಲಿಗೆ ಕಥೆ ಮುಗಿಯಿತು ಅಂದುಕೊಂಡರು. ನಮ್ಮಲ್ಲೂ ಬಹಳ ಜನ ಹಾಗೇ ಅಂದುಕೊಂಡೆವು. ಲಾರಿ ನಿಂತ ದಿನ ಗುಡ್ಡವೇನು ಎದ್ದು ಹೋಗಲಿಲ್ಲವಲ್ಲ!

ತಿಪ್ಪೆ ಹಾಕಿದವನಿಗೆ ಇದನ್ನು ಬಿಡಿಸಿ ಹೇಳಬೇಕೆ? ತಿಪ್ಪೆ ಮೇಲೆ ಎರಡು ಮಂಕರಿ ಮಣ್ಣು ಹಾಕಿದರೆ ಒಳಗೆ ಕೊಳೆಯೋದು ನಿಲ್ಲುತ್ತದೆಯೆ? ಕಸದ ಗುಡ್ಡವೂ ಅಷ್ಟೆ. ಒಳಗೆ ಕೊಳೆಯುತ್ತಾ ಕುಸಿಯುತ್ತದೆ. ಕುಸಿದ ಕಡೆ ಮೇಲಿನ ಮಣ್ಣು ಬಿರುಕು ಬಿಡುತ್ತದೆ. ಬಿರುಕಿನಲ್ಲಿ ಮಳೆ ನೀರು ಇಳಿದು, ಕಸವನ್ನೆಲ್ಲ ತೊಳೆದುಕೊಂಡು ಕಪ್ಪು ಕೊಳೆನೀರಾಗಿ ಕೆಳಗೆ ಬರುತ್ತದೆ. ಅಧಿಕಾರಿಗಳು ಇದಕ್ಕೆ ಲೀಚೇಟ್ ಅನ್ನುತ್ತಾರೆ. ತಡೆಯದಿದ್ದರೆ ಅದು ಕೆರೆಗೆ, ಬಾವಿಗೆ, ಬೋರಿಗೆ ಇಳಿಯುತ್ತದೆ. ಇನ್ನು ಗುಡ್ಡದೊಳಗೆ ಹುಟ್ಟುವ ಮೀಥೇನ್ ನಮ್ಮ ಗೋಬರ್ ಗ್ಯಾಸಿನಲ್ಲಿ ಉರಿಯುವ ಅನಿಲವೇ. ಅದಕ್ಕೆ ಕೊಳವೆ ಇಟ್ಟು ದಾರಿ ಮಾಡದಿದ್ದರೆ ಯಾವಾಗ ಬೆಂಕಿ ಹೊತ್ತೀತೋ ಹೇಳಲಾಗದು.

ಇದೆಲ್ಲ ಸರ್ಕಾರಕ್ಕೆ ಗೊತ್ತಿಲ್ಲದ್ದಲ್ಲ. 2000ದ ನಿಯಮದಲ್ಲೂ 2016ರ ನಿಯಮದಲ್ಲೂ ಬರೆದೇ ಇಟ್ಟರು: ಕಸದ ಭೂಮಿ ಮುಚ್ಚಿದ ಮೇಲೆ ಕನಿಷ್ಠ 15 ವರ್ಷ ಅದನ್ನು ನೋಡಿಕೊಳ್ಳಬೇಕು. ಮೇಲೆ ಸುಮಾರು ಎರಡು ಅಡಿ ಜೇಡಿಮಣ್ಣು, ಅದರ ಮೇಲೆ ನೀರು ಬಸಿಯಲು ಅರ್ಧ ಅಡಿ ಪದರ, ಅದರ ಮೇಲೆ ಹುಲ್ಲು ಬೆಳೆಯಲು ಒಂದೂವರೆ ಅಡಿ ಮಣ್ಣು. ಬಿರುಕು ಬಿಟ್ಟರೆ ಮುಚ್ಚಬೇಕು, ಕೊಳೆನೀರು ಹಿಡಿಯಬೇಕು, ಅನಿಲ ಅಳೆಯಬೇಕು. ಗಡಿಯಿಂದ 50 ಮೀಟರಿನೊಳಗಿನ ಅಂತರ್ಜಲವನ್ನು ಬೇಸಿಗೆಯಲ್ಲಿ, ಮಳೆಗಾಲದಲ್ಲಿ, ಮಳೆ ಮುಗಿದ ಮೇಲೆ ಪರೀಕ್ಷೆ ಮಾಡಬೇಕು. ಕಸ ಹಾಕುವುದಕ್ಕೆ ಮೊದಲೇ ನೀರು ಹೇಗಿತ್ತು ಅಂತ ದಾಖಲೆ ಇಡಬೇಕು.

ಈ ಕಡೇ ಮಾತನ್ನು ಎರಡು ಸಲ ಓದಿ. ಹಳೇ ದಾಖಲೆ ಇಲ್ಲದಿದ್ದರೆ ಏನಾಗುತ್ತದೆ? ನೀವು ಕೆಟ್ಟ ನೀರಿನ ಬಾಟಲಿ ಹಿಡಿದುಕೊಂಡು ಕಛೇರಿಗೆ ಹೋದರೆ, "ನಿಮ್ಮೂರ ನೀರು ಮೊದಲಿನಿಂದಲೂ ಹೀಗೇ ಇತ್ತು ಕಣ್ರೀ" ಅಂದುಬಿಡುತ್ತಾರೆ. ಆಗ ಸಾಲ ಮಾಡಿ ಕೊರೆಸಿದ ಬೋರು ನಮ್ಮ ಹಣೆಬರಹ! ಕುಡಿಯಲಾಗದ ನೀರಿನ ಬೋರಿಗೂ ಬಡ್ಡಿ ಕಟ್ಟಬೇಕು, ಕುಡಿಯುವ ನೀರನ್ನು ದುಡ್ಡು ಕೊಟ್ಟು ತರಬೇಕು.

ಇನ್ನೊಂದು ಮೋಸ ಇದೆ. ಲಾರಿ ನಿಂತ ದಿನ ಬೇರೆ, ನಿಯಮದ ಪ್ರಕಾರ ಮುಚ್ಚಿದ ದಿನ ಬೇರೆ. ಮಣ್ಣಿನ ಪದರ ಹಾಕಿ, ಕೊಳವೆ ಇಟ್ಟು, ಸರಿಯಾಗಿ ಮುಚ್ಚಿದ ದಿನದಿಂದ ಆ 15 ವರ್ಷ ಎಣಿಸಬೇಕು. ಬರೀ ಗೇಟಿಗೆ ಬೀಗ ಹಾಕಿ ವರ್ಷ ಎಣಿಸುವುದು, ಕಂತು ಕಟ್ಟದೆ ಸಾಲ ತೀರಿತು ಅಂದಂತೆ.

ಹಣ ಇಲ್ಲ ಅನ್ನುತ್ತಾರೆ. ಅಮೆರಿಕದಲ್ಲಿ 1991ರ ನಿಯಮ 30 ವರ್ಷದ ಆರೈಕೆ ಕೇಳುತ್ತದೆ. ಅದರ ಖರ್ಚಿಗೆ ಹಣದ ಖಾತ್ರಿಯನ್ನು ಮೊದಲೇ ತೋರಿಸಬೇಕು. ನಮ್ಮ ಹೊಲ ಅಡ ಇಟ್ಟುಕೊಳ್ಳದೆ ಬ್ಯಾಂಕು ಸಾಲ ಕೊಡುತ್ತದೆಯೆ? ಹಾಗಿದ್ದ ಮೇಲೆ ಠೇವಣಿ ಇಡದ ಪಟ್ಟಣಕ್ಕೆ ನಮ್ಮ ಊರಿನಲ್ಲಿ ಕಸ ಹಾಕಲು ಜಾಗ ಯಾಕೆ ಕೊಡಬೇಕು? ನಮ್ಮ ರಾಗಿ, ತರಕಾರಿ, ಹಾಲನ್ನು ಅವರು ಹೇಳಿದ ಬೆಲೆಗೆ ಕೊಟ್ಟೆವು. ಅದರ ಸಿಪ್ಪೆಯನ್ನು ವಾಪಸ್ ಕಳಿಸಿದರು. ಕಾವಲು ಕಾಯುವ ಖರ್ಚೂ ನಮ್ಮದೇ ಏನು?

ಮಾಡಬೇಕಾದ್ದು ಇಷ್ಟು. ಮುಚ್ಚಿದ ಕಸದ ಭೂಮಿ ಇರುವ ಪ್ರತಿ ಊರಿನವರೂ ಹತ್ತು ರೂಪಾಯಿ ಕಟ್ಟಿ ಮಾಹಿತಿ ಹಕ್ಕಿನ ಅರ್ಜಿ ಹಾಕಿ. ಮುಚ್ಚಿದ ತಾರೀಖು ಯಾವುದು, ಜವಾಬ್ದಾರ ಅಧಿಕಾರಿ ಯಾರು, ಮೂರೂ ಕಾಲದ ನೀರಿನ ವರದಿ ಎಲ್ಲಿ, ಖರ್ಚಿಗೆ ಇಟ್ಟ ಹಣ ಎಷ್ಟು ಅಂತ ಕೇಳಿ. ವರದಿಯನ್ನು ಕನ್ನಡದಲ್ಲಿ ಪಂಚಾಯಿತಿ ಬೋರ್ಡಿಗೆ ಅಂಟಿಸಲಿ, ಗ್ರಾಮಸಭೆಯಲ್ಲಿ ಓದಲಿ. ನೀರು ಕೆಟ್ಟಿದ್ದರೆ ಆ ಬೋರಿನ ಸಾಲ ಪಟ್ಟಣದ ಲೆಕ್ಕಕ್ಕೆ ಹೋಗಲಿ. ಹೊಸದಾಗಿ ಕಸಕ್ಕೆ ಜಾಗ ನೋಡಲು ಬಂದರೆ, ಮೊದಲು ನಮ್ಮೆದುರಿಗೇ ಎಲ್ಲ ಬಾವಿ, ಬೋರುಗಳ ನೀರು ಪರೀಕ್ಷೆ ಮಾಡಿ ಒಂದು ಪ್ರತಿ ನಮ್ಮ ಕೈಗೆ ಕೊಡಲಿ.

ನಮಗೆ ಬೇಬಾಕಿ ಪತ್ರ ಕೊಡಲು ಬ್ಯಾಂಕಿನವರು ಕಡೇ ಪೈಸೆ ತನಕ ಎಣಿಸಿಕೊಂಡರು. ಪಟ್ಟಣಕ್ಕೆ ಬೇಬಾಕಿ ಕೊಡಬೇಕಾದವರು ನಾವು. ಬಾವಿಯ ನೀರು ಸರಿಯಿದೆ ಅಂತ ರುಜುವಾತಾಗುವ ತನಕ ಯಾರೂ ರುಜು ಹಾಕಬೇಡಿ.